ಬೆಟ್ಟವನ್ನು ಕಾಡೆಂದು ಬರೆಯಬೇಡಿ: ವಿದೇಶಿ ವಿಶ್ವವಿದ್ಯಾಲಯದೊಡನೆ ಜಂಟಿ ಸಂಶೋಧನೆಗೆ ಇಳಿಯುವವರಿಗೆ

ಮಂಗನ ಕಾಯಿಲೆಯ ಸಮೀಕ್ಷೆಗೆಂದು ಶಿರಸಿ, ಸಿದ್ದಾಪುರದ ಕೇರಿಗಳಲ್ಲಿ ಮನೆಮನೆ ತಿರುಗಿದವಳು ನಾನು. ಹೊರದೇಶದ ವಿಶ್ವವಿದ್ಯಾಲಯದಿಂದ ಪತ್ರ ಬಂದರೆ ಕಾಲೇಜಿನವರು ಮೊದಲು ಯೋಚಿಸುವುದು ಒಡಂಬಡಿಕೆಗೆ ಸಹಿ ಹಾಕುವ ಫೋಟೊದ ಬಗ್ಗೆ. ನೀವು ಪ್ರಶ್ನಾವಳಿಯ ಬಗ್ಗೆ ಯೋಚಿಸಿ.

ಒಮ್ಮೆ ನಮಗೆ ಸಿಕ್ಕಿದ್ದು ಅಲ್ಲಿ ಬರೆದು, ಇಲ್ಲಿ ಯಾರಿಂದಲೋ ಅನುವಾದ ಮಾಡಿಸಿದ್ದು. ‘ನೀವು ಕಾಡಿಗೆ ಹೋಗುತ್ತೀರಾ?’ ಎಂದು ಓದಿದೆ. ಆಗಷ್ಟೇ ದರಕಿನ (ಒಣ ತರಗೆಲೆಯ) ಹೊರೆಯನ್ನು ಕೊಟ್ಟಿಗೆಗೆ ಇಳಿಸಿ ಬಂದಿದ್ದ ಅಮ್ಮ, ‘ಇಲ್ಲವಲ್ಲ’ ಎಂದರು. ದರಕು ತಂದದ್ದು ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು, ತರಗೆಲೆ ತರಲು ಬಿಟ್ಟ ಗುಡ್ಡದಿಂದ. ಅವರಿಗೆ ಅದು ತೋಟದ ಮುಂದುವರಿಕೆ, ಕಾಡಲ್ಲ. ಕಾಯಿಲೆ ಹರಡುವ ಉಣುಗಿನ (ರಕ್ತ ಹೀರುವ ಪುಟ್ಟ ಹುಳದ) ಮರಿಗಳು ಇರುವುದೂ ಅದೇ ತರಗೆಲೆಯಲ್ಲಿ. ಮುಂದಿನ ಪ್ರಶ್ನೆಯಲ್ಲಿ ಉಣುಗನ್ನು ‘ಉಣ್ಣೆ’ ಎಂದು ಬರೆದಿತ್ತು: ‘ಉಣ್ಣೆ ಕಚ್ಚಿದೆಯೇ?’ ‘ಉಣ್ಣೆ ಇರುವುದು ಕಂಬಳಿಯಲ್ಲಿ, ಅದೇಕೆ ಕಚ್ಚುತ್ತದೆ ತಂಗಿ?’ ಎಂದು ನಕ್ಕರು. ಆ ದಿನ ತುಂಬಿಸಿದ ಹಾಳೆಗಳೆಲ್ಲ ವ್ಯರ್ಥ.

ಆದ್ದರಿಂದ ನಮೂನೆ ಅಚ್ಚಾಗುವ ಮೊದಲೇ ಅತಿಥಿ ಸಂಶೋಧಕರನ್ನು ಒಂದು ವಾರ ಕರೆಸಿಕೊಳ್ಳಿ. ದರಕು ಗುಡಿಸುವವರ ಹಿಂದೆ ಅವರೂ ನಡೆಯಲಿ. ಕರಡನ್ನು ಐದಾರು ಮನೆಗಳಲ್ಲಿ ಗಟ್ಟಿಯಾಗಿ ಓದಿ, ಕೇಳಿದವರು ಎಲ್ಲಿ ಹುಬ್ಬು ಗಂಟಿಕ್ಕಿದರು ಎಂದು ಗುರುತು ಹಾಕಿ. ಒಪ್ಪಿಗೆ ಪತ್ರಕ್ಕೂ ಇದೇ ಕ್ರಮ. ನೈತಿಕ ಸಮಿತಿಯ ಮುಂದೆ ಹೋಗಬೇಕಾದದ್ದು ಹೀಗೆ ತಿದ್ದಿದ ಕನ್ನಡ ಪ್ರತಿ.

ಸಹಯೋಗವೇನೂ ನಮಗೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಈ ವೈರಸ್ ಪತ್ತೆಹಚ್ಚಿದ ಪುಣೆಯ ಕೇಂದ್ರವನ್ನು 1952ರಲ್ಲಿ ಕಟ್ಟಿದ್ದೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ. ಈಗ ಕಾಗದಪತ್ರ ಹೆಚ್ಚು, ಅಷ್ಟೇ. ವಿದೇಶಿ ನೆರವಿನ ಆರೋಗ್ಯ ಸಂಶೋಧನೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕು. ಅರ್ಜಿ ಐಸಿಎಂಆರ್ ಮೂಲಕ. ಟ್ರಸ್ಟ್ ಅಥವಾ ಸ್ವಯಂಸೇವಾ ಸಂಸ್ಥೆಯಾದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಹಣ ಮೊದಲು ಬಂದು ಬೀಳುವುದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ. ಉಣುಗು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇರೆ. ಅದನ್ನು ಹೊರದೇಶಕ್ಕೆ ಒಯ್ಯುವ ಮಾತು ಬಂದರೆ 2002ರ ಜೀವವೈವಿಧ್ಯ ಕಾಯ್ದೆಯನ್ನೂ ತೆರೆದು ನೋಡಬೇಕು. ರಕ್ತದ ಮಾದರಿ ಎಲ್ಲಿ ಉಳಿಯುತ್ತದೆ, ಲೇಖನದಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಮೊದಲ ತಿಂಗಳಲ್ಲೇ ಬರೆದಿಡಿ. ಸಂಕೋಚಪಟ್ಟರೆ ಕೃತಜ್ಞತೆಯ ಸಾಲಿನಲ್ಲಿ ಕೂರಬೇಕಾಗುತ್ತದೆ.

ಇನ್ನು ಪಂಚಾಂಗ. ಅವರ ಬೇಸಿಗೆ ರಜೆ ನಮ್ಮ ಆಷಾಢದ ಮಳೆ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ. ಜುಲೈನಲ್ಲಿ ಬರುವ ವಿದ್ಯಾರ್ಥಿಗಳಿಗೆ ಉಣುಗಿನ ಪಾಠ ಇಟ್ಟರೆ ಅವರು ನೋಡುವುದು ಉಂಬಳವನ್ನು (ಜಿಗಣೆಯನ್ನು) ಮಾತ್ರ. ಆಗ ನಿಂತ ನೀರು, ಕೆಸರಿನಿಂದ ಹರಡುವ ಇಲಿಜ್ವರದ ಕೆಲಸ ಕೊಡಿ, ಗದ್ದೆ ನಾಟಿ ನಡೆಯುವ ಊರಿಗೆ ಕಳುಹಿಸಿ.

ನಮ್ಮ ಹುಡುಗರೂ ಅಲ್ಲಿಗೆ ಹೋಗಬೇಕು. ಎಷ್ಟು ಮಂದಿ, ವೀಸಾ ಮತ್ತು ವಿಮಾನದ ಖರ್ಚು ಯಾರದು ಎಂದು ಒಡಂಬಡಿಕೆಯಲ್ಲೇ ಬರೆಸಿ. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ‘ವಿದ್ಯಾರ್ಥಿ ವಿನಿಮಯ’ ಎಂದಷ್ಟೇ ಇತ್ತು. 3 ವರ್ಷಗಳಲ್ಲಿ ಅಲ್ಲಿಂದ 11 ಮಂದಿ ಬಂದರು. ಇಲ್ಲಿಂದ ಒಬ್ಬರೂ ಹೋಗಲಿಲ್ಲ.