ಹರೆಯದ ನಾಯಿ ಕರೆದಾಗ ಬರಬೇಕಾ? ಮೊದಲು ಕೂಗುವುದನ್ನು ನಿಲ್ಲಿಸಿ

ಐದು ತಿಂಗಳ ಮರಿಯಾಗಿದ್ದಾಗ ಹೆಸರು ಹೇಳಿದರೆ ಸಾಕು, ಓಡಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಎಂಟನೇ ತಿಂಗಳಲ್ಲಿ ಅದೇ ನಾಯಿ ತೋಟದ ಗೇಟಿನ ಹತ್ತಿರ ನಿಂತು, ನೀವು ಕರೆದದ್ದನ್ನು ಚೆನ್ನಾಗಿಯೇ ಕೇಳಿಸಿಕೊಂಡು, ಒಂದು ಸಲ ತಿರುಗಿ ನೋಡಿ, ತನ್ನ ಪಾಡಿಗೆ ತಾನು ಹೋಗುತ್ತದೆ. ಮೈ ಉರಿಯುತ್ತದೆ, ಅಲ್ವಾ?

ಬಿಕ್ಕೋಡಿನ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ನಾಯಿಯ ಹೆಸರು ಮೆಣಸ. ಒಣಗಿದ ಕಾಳುಮೆಣಸಿನ ಬಣ್ಣದ ಊರುನಾಯಿ. ಹಣ್ಣು ಕೊಯ್ಯುವ ಸಮಯದಲ್ಲಿ ಒಂದು ದಿನ ಕಾಡುಕೋಳಿ ಹಿಂದೆ ಬಿದ್ದು ಹಳ್ಳದ ಕಡೆ ಇಳಿಯಿತು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಹೆಂಗಸೊಬ್ಬರು ಕೈ ನಿಲ್ಲಿಸಿ ಕೇಳಿದರು: ‘ಅಣ್ಣಾ, ನೀವು ಅದನ್ನ ಕರೀತಿದೀರೋ, ಬೈತಿದೀರೋ?’

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಆಮೇಲೆ ಕಲಿಸಿದ್ದೆಲ್ಲ ಆ ಪ್ರಶ್ನೆಯಿಂದಲೇ ಶುರುವಾದದ್ದು.

ನಾಯಿ ಸೊಕ್ಕಿನದಲ್ಲ

ಆರು ತಿಂಗಳಿಂದ ಸುಮಾರು ಒಂದೂವರೆ ವರ್ಷದ ತನಕ ನಾಯಿಗೆ ಹರೆಯ. ದೊಡ್ಡ ಜಾತಿಯವಕ್ಕೆ ಎರಡು ವರ್ಷದವರೆಗೂ ಎಳೆಯುತ್ತದೆ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಅಂಧರಿಗೆ ದಾರಿ ತೋರಿಸಲೆಂದು ಬೆಳೆಸುತ್ತಿದ್ದ ನಾಯಿಗಳನ್ನು ಗಮನಿಸಿ ಒಂದು ಮಜವಾದ ವಿಷಯ ಬರೆದರು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಅಂದರೆ ಹೇಳಿದ ಮಾತು ಕೇಳುತ್ತವೆ ಅಂತ ಹೆಸರಾದ ಜಾತಿಗಳು. ಅವೂ ಎಂಟು ತಿಂಗಳ ಪ್ರಾಯದಲ್ಲಿ ಸಾಕಿದವರು ‘ಕೂರು’ ಅಂದರೆ ಐದು ತಿಂಗಳಿನಲ್ಲಿ ಕೇಳಿದಷ್ಟು ಕೇಳಲಿಲ್ಲ. ಗುರುತಿಲ್ಲದವರು ಹೇಳಿದರೆ ಮಾತ್ರ ಮಾತು ಕೇಳುವುದು ಕಡಿಮೆಯಾಗಿರಲಿಲ್ಲ! ಪಿಯುಸಿ ಓದುವ ಮಕ್ಕಳಿರುವ ಮನೆಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಒಂದು ವರ್ಷ ತುಂಬುವ ಹೊತ್ತಿಗೆ ಅವು ಮತ್ತೆ ಮಾತು ಕೇಳುವ ದಾರಿಗೆ ಬಂದಿದ್ದವು ಅನ್ನುವುದು ಸಮಾಧಾನದ ಸಂಗತಿ.

ಈ ಪ್ರಾಯದಲ್ಲಿ ವಾಸನೆ, ಓಟ, ಬೇರೆ ನಾಯಿ ಎಲ್ಲವೂ ನಿಮಗಿಂತ ರುಚಿ. ನೀವು ಕರೆಯುವುದು ಯಾವಾಗ ಹೇಳಿ? ಚೈನು ಹಾಕಲು, ಸ್ನಾನ ಮಾಡಿಸಲು, ಉಣ್ಣಿ ತೆಗೆಯಲು, ಗೂಡಿಗೆ ಹಾಕಲು. ಹೋದರೆ ಆಟ ಮುಗಿಯಿತು ಅಂತ ನಾಯಿ ಲೆಕ್ಕ ಹಾಕಿಬಿಟ್ಟಿದೆ. ಅದರ ಲೆಕ್ಕ ತಪ್ಪೇನಲ್ಲ. ನಾವು ಬದಲಾಯಿಸಬೇಕಾದ್ದು ಅದನ್ನೇ.

ಹಳೇ ಮಾತು ಬಿಡಿ, ಹೊಸದು ಹಿಡಿಯಿರಿ

‘ಬಾರೋ’ ಅಂತ ಸಾವಿರ ಸಲ ಕೂಗಿ, ಸಾವಿರ ಸಲವೂ ನಾಯಿ ಬಾರದೇ ಇದ್ದರೆ ಆ ಮಾತು ಕೆಟ್ಟಿದೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಹೊಸದು ಹುಡುಕುವುದು ಸುಲಭ. ಹೆಸರು ಬೇಡ, ದಿನಕ್ಕೆ ನೂರು ಸಲ ಸುಮ್ನೆ ಹೇಳಿರುತ್ತೇವೆ. ‘ತೂ ತೂ’ ಅಂದರೆ ಪಕ್ಕದ ಮನೆಯ ಎರಡು ನಾಯಿಗಳೂ ಬರುತ್ತವೆ. ‘ಓಯ್’ ಅಂದರೆ ತೋಟದಲ್ಲಿರುವ ಮನುಷ್ಯರೆಲ್ಲ ತಿರುಗಿ ನೋಡುತ್ತಾರೆ.

ನಮ್ಮ ಮನೆಯಲ್ಲಿ ‘ಜಿಲೇಬಿ’ ಅಂತ ಇಟ್ಟುಕೊಂಡೆವು. ನಗಬೇಡಿ. ದಿನಬಳಕೆಯಲ್ಲಿ ಅಷ್ಟಾಗಿ ಬರುವ ಪದವಲ್ಲ, ಮಧ್ಯದ ‘ಲೇ’ಯನ್ನು ಎಷ್ಟು ಬೇಕಾದರೂ ಎಳೆಯಬಹುದು, ಮುಖ್ಯವಾಗಿ ಜಿಲೇಬಿ ಅಂತ ಯಾರಿಗೂ ಸಿಟ್ಟಿನಲ್ಲಿ ಕೂಗಲು ಬರುವುದಿಲ್ಲ. ನಾಚಿಕೆ ಅನ್ನಿಸಿದರೆ ವಿಶಲ್ ತೆಗೆದುಕೊಳ್ಳಿ. ಮನೆಯಲ್ಲಿ ಯಾರು ಊದಿದರೂ ಹೆಚ್ಚುಕಡಿಮೆ ಒಂದೇ ಸ್ವರ, ನಿಮ್ಮ ಕೋಪವೂ ಅದರಲ್ಲಿ ಕೇಳಿಸುವುದಿಲ್ಲ. ಆದರೆ ಬಸ್ ರೋಡಿನ ಪಕ್ಕ ಮನೆ ಇದ್ದರೆ ಕಂಡಕ್ಟರ್ ಊದುವ ಹಾಗೆ ಮಾತ್ರ ಊದಬೇಡಿ.

ಮೊದಲ ನಾಲ್ಕೈದು ದಿನ: ಜಗಲಿಯಲ್ಲಿ

ನಾಯಿ ನಿಮ್ಮ ಪಕ್ಕದಲ್ಲೇ ಇರಲಿ. ಹೊಸ ಮಾತು ಹೇಳಿ, ತಕ್ಷಣ ಬಾಯಿಗೆ ಒಂದು ತುಂಡು ಕೊಡಿ. ಅದು ಏನೂ ಮಾಡಬೇಕಿಲ್ಲ. ಮಾತು, ತುಂಡು. ಮಾತು, ತುಂಡು. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ. ಮಾತು ಮೊದಲು, ತಿಂಡಿ ಆಮೇಲೆ. ಕೈ ಜೇಬಿಗೆ ಮೊದಲು ಹೋದರೆ ನಾಯಿ ನಿಮ್ಮ ಮಾತನ್ನಲ್ಲ, ಜೇಬನ್ನು ಕಲಿಯುತ್ತದೆ.

ತುಂಡು ಅಂದರೆ ಬಿಸ್ಕತ್ತಲ್ಲ. ಇಲ್ಲಿ ಜಿಪುಣತನ ಮಾಡಿದವರೆಲ್ಲ ಆಮೇಲೆ ತೋಟದಲ್ಲಿ ಓಡಿದವರೇ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ ಅಥವಾ ಲಿವರ್, ಮೊಟ್ಟೆ, ಮಾಂಸ ತರದ ಮನೆಯಾದರೆ ಪನೀರ್. ಅವರೆಕಾಳಿನಷ್ಟು ದೊಡ್ಡದು ಸಾಕು, ಮತ್ತು ಅಷ್ಟನ್ನು ಸಂಜೆಯ ಊಟದಲ್ಲಿ ಕಡಿಮೆ ಮಾಡಿ. ಬೆಂದ ಕೋಳಿಮೂಳೆ, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟ್ ಯಾವುದೂ ಬೇಡ. ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ನೆಕ್ಕಲೂ ಬಿಡಬೇಡಿ, ಕೆಫೀನ್ ನಾಯಿಗೆ ವಿಷ.

ಮಾತು ಕಿವಿಗೆ ಬಿದ್ದ ಕೂಡಲೇ ಕತ್ತು ನಿಮ್ಮ ಕಡೆ ತಿರುಗಿದರೆ ಮುಂದಿನ ಹಂತಕ್ಕೆ ಹೋಗಬಹುದು. ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಹಿತ್ತಲಲ್ಲಿ ನಿಂತು ಸರದಿಯಂತೆ ಕರೆಯಿರಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಇಬ್ಬರಿಗೂ ಆಟ.

ಒಂದೇ ಸಲ ಕರೆಯಿರಿ

ಬೇಲೂರು ದೇವಸ್ಥಾನದ ಬಾಗಿಲಲ್ಲಿ ಸಳ ಹುಲಿಯನ್ನು ಇರಿಯುವ ಮೂರ್ತಿ ನೋಡಿದ್ದೀರಲ್ಲ. ಕಥೆಯಲ್ಲಿ ಗುರು ‘ಹೊಯ್ ಸಳ’ ಅಂದದ್ದು ಒಂದೇ ಸಲ. ‘ಹೊಯ್ ಸಳ, ಏ ಸಳ, ಕೇಳಿಸ್ತಿಲ್ವೇನೋ ಸಳ’ ಅಂತ ಇಪ್ಪತ್ತು ಸಲ ಕೂಗಿದ್ದರೆ ಹುಲಿ ತನ್ನ ಕೆಲಸ ಮುಗಿಸಿ ಹೋಗಿರುತ್ತಿತ್ತು. ಪದೇ ಪದೇ ಕರೆದರೆ ನಾಯಿ ಕಲಿಯುವುದು ‘ಐದನೇ ಸಲಕ್ಕೆ ಹೋದರೂ ನಡೆಯುತ್ತದೆ’ ಅನ್ನುವುದನ್ನು.

ಹಾಗಾದರೆ ಒಂದು ಸಲ ಕರೆದಾಗ ಬರಲಿಲ್ಲ ಅಂದರೆ? ಅದರ ಹತ್ತಿರಕ್ಕೆ ಹೋಗಿ, ಮೂಗಿನ ಮುಂದೆ ತುಂಡು ಹಿಡಿದು, ಹಿಂದಕ್ಕೆ ನಡೆದು ಕರೆದುಕೊಂಡು ಬನ್ನಿ. ಮುಂದಿನ ಸಲ ಇನ್ನೂ ಹತ್ತಿರದಿಂದ ಕರೆಯಿರಿ. ಬರುತ್ತದೆ ಅನ್ನುವ ಭರವಸೆ ನಿಮಗೇ ಇಲ್ಲದಿದ್ದರೆ ಆ ಮಾತನ್ನು ಬಾಯಿಂದ ತೆಗೆಯಲೇಬೇಡಿ. ಇದೊಂದು ನಿಯಮ ಪಾಲಿಸುವುದೇ ಕಷ್ಟ. ನಮ್ಮ ಮನೆಯಲ್ಲಿ ನಾಯಿಗಿಂತ ನಾನು ಇದನ್ನು ಕಲಿಯಲು ಜಾಸ್ತಿ ದಿನ ತೆಗೆದುಕೊಂಡೆ.

ಉದ್ದ ಹಗ್ಗ

ಹತ್ತರಿಂದ ಹದಿನೈದು ಮೀಟರಿನ ಹಗ್ಗ ಬೇಕು. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದಾಗ ಹತ್ತಿಯ ಪಟ್ಟಿಯಂಥದ್ದು ಸಿಗುತ್ತದಾ ಅಂತ ನೋಡಿ. ತೆಳ್ಳಗಿನ ನೈಲಾನ್ ಬೇಡ. ನಾಯಿ ಓಡಿದಾಗ ಅಂಗೈ ಸುಲಿಯುತ್ತದೆ, ನನ್ನದು ಸುಲಿದಿದೆ. ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ಓಡಿ ಹಗ್ಗ ಮುಗಿದ ಕಡೆ ಕತ್ತಿಗೆ ಜಗ್ಗುತ್ತದೆ. ಎದೆಗೆ ಹಾಕುವ ಹಾರ್ನೆಸ್ಸಿಗೆ ಕಟ್ಟಿ. ತುದಿಯಲ್ಲಿ ಗಂಟು, ಕುಣಿಕೆ ಬೇಡ, ಬೇಲಿಗೆ ಸಿಕ್ಕಿಕೊಳ್ಳುತ್ತದೆ.

ಕಾಫಿ ಗಿಡಗಳ ನಡುವೆ ಈ ಪಾಠ ಮಾಡಲು ಹೋಗಬೇಡಿ. ಎರಡೇ ನಿಮಿಷಕ್ಕೆ ನಾಯಿ, ಹಗ್ಗ, ನೀವು ಮೂವರೂ ಒಂದೇ ರೊಬಸ್ಟಾ ಗಿಡಕ್ಕೆ ಸುತ್ತಿಕೊಂಡಿರುತ್ತೀರಿ. ಕೊಯ್ಲಾದ ಗದ್ದೆ ಒಳ್ಳೆಯದು, ಖಾಲಿ ಕಣವೂ ಆದೀತು. ಹಗ್ಗ ನೆಲದ ಮೇಲೆ ಸಡಿಲವಾಗಿ ಎಳೆದುಕೊಂಡು ಹೋಗಲಿ. ಅದು ಓಡಿ ಹೋಗದಿರಲಿ ಅಂತ ಇರುವುದು, ದರದರ ಎಳೆದು ತರಲು ಅಲ್ಲ. ನಾಯಿ ಏನೋ ಮೂಸುತ್ತಾ ಸ್ವಲ್ಪ ಬೇಜಾರಾದ ಹಾಗೆ ತಲೆ ಎತ್ತಿದಾಗ ಕರೆಯಿರಿ, ಕರೆದು ನೀವು ಅದರ ವಿರುದ್ಧ ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿ. ಓಡುವವರನ್ನು ಅಟ್ಟಿಸಿಕೊಂಡು ಬರುವುದು ನಾಯಿಯ ಹುಟ್ಟುಗುಣ. ನೀವೇ ಅದನ್ನು ಅಟ್ಟಿಸಿಕೊಂಡು ಹೋದರೆ ಅದಕ್ಕೆ ಅದೇ ಆಟ.

ಬಂತಾ? ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಬೆಲ್ಟು ಹಿಡಿದು, ಇನ್ನೊಂದು ಕೈಯಿಂದ ನಾಲ್ಕೈದು ತುಂಡು ಒಂದೊಂದಾಗಿ ಕೊಡಿ. ಹಾಡಿ ಹೊಗಳಿ. ಆಮೇಲೆ ‘ಹೋಗು’ ಅಂತ ಬಿಟ್ಟುಬಿಡಿ. ಈ ಬಿಡುವುದಿದೆಯಲ್ಲ, ಅದನ್ನೇ ಎಲ್ಲರೂ ಮರೆಯುವುದು. ಹತ್ತರಲ್ಲಿ ಒಂಬತ್ತು ಸಲ ಕರೆದು, ಕೊಟ್ಟು, ಮತ್ತೆ ಆಟಕ್ಕೆ ಬಿಡಿ. ಹತ್ತನೇ ಸಲ ಚೈನು ಹಾಕಿದರೆ ನಾಯಿಗೆ ಬೇಸರವಾಗುವುದಿಲ್ಲ.

ಅರ್ಧ ಗಂಟೆ ಕಾಯಿಸಿ ಬಂದರೂ ಬೈಯಬೇಡಿ, ಹೊಡೆಯುವುದಂತೂ ದೂರದ ಮಾತು. ಓಡಿಹೋದದ್ದಕ್ಕೆ ಹೊಡೆದೆ ಅಂತ ನೀವು ಅಂದುಕೊಳ್ಳುತ್ತೀರಿ. ಬಂದದ್ದಕ್ಕೆ ಏಟು ಬಿತ್ತು ಅಂತ ಅದು ಅಂದುಕೊಳ್ಳುತ್ತದೆ.

ಸುಲಭದ ಜಾಗದಲ್ಲಿ ಹತ್ತಕ್ಕೆ ಒಂಬತ್ತು ಸಲ ಬಂದರೆ ಕಷ್ಟ ಜಾಸ್ತಿ ಮಾಡಿ: ದೂರದಲ್ಲಿ ಹಸು ಮೇಯುತ್ತಿರುವಾಗ, ಇನ್ನೊಂದು ನಾಯಿ ಕಾಣಿಸುವಾಗ, ಕೊನೆಗೆ ಕೋಳಿಗಳ ಹತ್ತಿರ. ಒಂದು ಕಷ್ಟಕ್ಕೆ ಇನ್ನೊಂದನ್ನು ಸೇರಿಸಬೇಡಿ. ಬಾರದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಅಷ್ಟೇ. ಹಗ್ಗವನ್ನು ಆತುರದಲ್ಲಿ ಬಿಚ್ಚಬೇಡಿ, ಕೆಲವು ತಿಂಗಳೇ ಬೇಕಾಗಬಹುದು. ಮುಧೋಳ ಜಾತಿಯದಾದರೆ ಇನ್ನೂ ನಿಧಾನ. ಅದು ಕಣ್ಣಿಗೆ ಕಂಡದ್ದನ್ನು ಅಟ್ಟಲೆಂದೇ ಬೆಳೆಸಿದ ನಾಯಿ, ಓಟ ಶುರುವಾದ ಮೇಲೆ ಕಿವಿ ಕೇಳಿಸುವುದೇ ಇಲ್ಲವೇನೋ ಅನ್ನಿಸುತ್ತದೆ.

ನಮ್ಮ ಕಡೆಯ ತೊಂದರೆಗಳು

ಬೇಲೂರು, ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಇದು ಬರೀ ಶಿಸ್ತಿನ ವಿಷಯವಲ್ಲ. ಹಂದಿಗೆ ಹಾಕಿದ ಉರುಳಿಗೆ ನಾಯಿಯೂ ಬೀಳುತ್ತದೆ. ಚಿರತೆಗೆ ನಾಯಿ ಸುಲಭದ ಊಟ. ಆನೆಯ ವಿಷಯದಲ್ಲಿ ಮಾತ್ರ ಒಂದು ವಿಚಿತ್ರ ಇದೆ: ಬೊಗಳಿ ಕೆಣಕಿದ ನಾಯಿ ಹೆದರಿ ಓಡಿ ಬರುವುದು ನಿಮ್ಮ ಹತ್ತಿರಕ್ಕೇ, ಹಿಂದೆ ಆನೆಯೂ ಬರುತ್ತದೆ. ಆ ಹೊತ್ತಿನಲ್ಲಿ ಕರೆದಾಗ ಬರುವ ನಾಯಿಯೇ ಅಪಾಯ. ಆದ್ದರಿಂದ ಆನೆ ಓಡಾಟದ ಸುದ್ದಿ ಬಂದ ದಿನ ನಾಯಿ ಮನೆಯಲ್ಲೇ ಇರಲಿ. ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಎಷ್ಟೇ ಕಲಿತ ನಾಯಿಗೂ ಚೈನು ಬೇಕು.

ಗಂಡುನಾಯಿ ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಹೋಗಿದ್ದರೆ ಕೋಳಿ ತುಂಡು ಕೆಲಸ ಮಾಡುವುದಿಲ್ಲ. ಸಂತಾನಹರಣದ ಬಗ್ಗೆ, ಅದಕ್ಕೆ ಸರಿಯಾದ ಪ್ರಾಯದ ಬಗ್ಗೆ ಪಶುವೈದ್ಯರನ್ನು ಕೇಳಿ. ರೇಬೀಸ್ ಲಸಿಕೆ ಹಾಕಿಸದೆ ಹೊರಗೆ ಬಿಡುವ ಮಾತೇ ಇಲ್ಲ.

ಮಳೆಗಾಲದಲ್ಲಿ ಪಾಠ ತಪ್ಪುತ್ತದೆ. ಜುಲೈಯಲ್ಲಿ ಗದ್ದೆ ತುಂಬಾ ನೀರು, ತೋಟದ ತುಂಬಾ ಇಂಬಳ, ಯಾರು ಹಗ್ಗ ಹಿಡಿದು ನಿಲ್ಲುತ್ತಾರೆ? ಮಳೆ ಬಿಟ್ಟ ಮೇಲೆ ನಾಯಿ ಎಲ್ಲ ಮರೆತ ಹಾಗೆ ಕಂಡರೆ ಬೇಸರ ಬೇಡ, ಜಗಲಿಯಿಂದಲೇ ಮತ್ತೆ ಶುರು ಮಾಡಿ. ಮೆಣಸನಿಗೆ ಹೋದ ಸಲ ಜಗಲಿಯಿಂದ ಕಣಕ್ಕೆ ಬರಲು ಮೂರು ದಿನ ಹಿಡಿಯಿತು, ಅರ್ಧ ಕೆ.ಜಿ. ಲಿವರ್ ಖರ್ಚಾಯಿತು.