ಕೂಲಿಕಾರರಿಗೆ ಬೀಡಿ ಬಿಡಿಸುವ ಚಿಕಿತ್ಸೆ ಫಲಿಸಬೇಕಾದರೆ

ಬೀಡಿ ಬಿಡಬೇಕೆಂದು ಆಸ್ಪತ್ರೆಗೆ ಬಂದ ಕೂಲಿಕಾರರಲ್ಲಿ ಅನೇಕರು ಎರಡನೆಯ ಭೇಟಿಗೆ ಬರುವುದಿಲ್ಲ, ನಾವು ಕಡತದಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದು ಮುಗಿಸುತ್ತೇವೆ. ಆದರೆ ಬಡವರಿಗೂ ಬಿಡುವ ಮನಸ್ಸು ಉಳಿದವರಷ್ಟೇ ಇರುತ್ತದೆ, ಕೈಗೂಡುವುದು ಮಾತ್ರ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ಹೀಗಿದ್ದರೂ ನಮ್ಮ ಸಲಹೆಗಳು ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವರನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡಿವೆ. ತಾಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಈ ಕೆಲಸ ಮಾಡುವ ವೈದ್ಯರು, ಆಪ್ತಸಮಾಲೋಚಕರು ಮತ್ತು ಆಶಾ ಕಾರ್ಯಕರ್ತೆಯರು ಈ ಸಲಹೆಗಳನ್ನು ದುಡಿಯುವವರ ದಿನಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಭೇಟಿಯಲ್ಲಿ ‘ದಿನಕ್ಕೆ ಎಷ್ಟು?’ ಎಂದು ಕೇಳಿ ನಿಲ್ಲಿಸಬೇಡಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಯಾವ ಬೀಡಿ ಯಾವ ಹೊತ್ತಿನಲ್ಲಿ, ಏನು ಮಾಡುವಾಗ, ಯಾರ ಜೊತೆ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಯೊಬ್ಬರು, ಕಿವಿಯ ಮೇಲೆ ಅರ್ಧ ಸೇದಿ ಆರಿಸಿದ ಬೀಡಿಯನ್ನು ಸಿಕ್ಕಿಸಿಕೊಂಡೇ ನನ್ನ ಮುಂದೆ ಕುಳಿತು, “ಹಂಗೇ ಕುಂತ್ರೆ ಮೇಸ್ತ್ರಿ ಬೈತಾನೆ ಸಾರ್, ಬೀಡಿ ಹಚ್ಚಿ ಕುಂತ್ರೆ ಏನೂ ಅನ್ನಲ್ಲ” ಎಂದರು. ಅವರ ಪಾಲಿಗೆ ಬೀಡಿಯೆಂದರೆ ನಿಕೋಟಿನ್ ಮಾತ್ರವಲ್ಲ, ಬೆನ್ನು ನೇರ ಮಾಡಿಕೊಳ್ಳಲು ಸಿಗುವ ಐದು ನಿಮಿಷ. ಬೀಡಿಯನ್ನು ಕಿತ್ತುಕೊಂಡು ಆ ಐದು ನಿಮಿಷವನ್ನು ಉಳಿಸಿಕೊಡದಿದ್ದರೆ ನಮ್ಮ ಸಲಹೆ ಮರುದಿನ ಹನ್ನೊಂದು ಗಂಟೆಯವರೆಗೂ ಬಾಳುವುದಿಲ್ಲ. ಇಂಥವರ ಒಪ್ಪಿಗೆ ಪಡೆದು ಮೇಸ್ತ್ರಿಯೊಡನೆ ಫೋನಿನಲ್ಲಿ ಎರಡು ಮಾತಾಡುವುದು ಚಿಕಿತ್ಸೆಯ ಭಾಗವೇ ಎಂದು ನಾನು ನಂಬಿದ್ದೇನೆ. ಕೆಲವರು ಹಸಿವು ತಡೆಯಲು ಸೇದುತ್ತಾರೆ. ಅವರಿಗೆ ಬುತ್ತಿಯನ್ನು ಒಂದು ಗಂಟೆ ಮೊದಲೇ ತಿನ್ನಲು ಅಥವಾ ಜೇಬಿನಲ್ಲಿ ಹುರಿಗಡಲೆ ಇಟ್ಟುಕೊಳ್ಳಲು ಹೇಳಬಹುದು. ಬೀಡಿ ಸೇದದೆ ಬೆಳಿಗ್ಗೆ ಹೊಟ್ಟೆ ಖಾಲಿಯಾಗುವುದಿಲ್ಲ ಎಂದು ಹಲವರು ಸಂಕೋಚದಿಂದ ಹೇಳುತ್ತಾರೆ. ಅದನ್ನು ನೆಪವೆಂದು ತಳ್ಳಿಹಾಕಬೇಡಿ, ನಿಕೋಟಿನ್ ನಿಂತಾಗ ಮಲಬದ್ಧತೆ ಆಗುವುದು ನಿಜ. ಎದ್ದ ಕೂಡಲೇ ಬಿಸಿನೀರು, ಊಟದಲ್ಲಿ ಸೊಪ್ಪು, ಅಗತ್ಯವಿದ್ದರೆ ಕೆಲವು ದಿನ ಔಷಧ ಕೊಟ್ಟರೆ ದಿನದ ಮೊದಲ ಬೀಡಿಯ ದೊಡ್ಡ ಕಾರಣವೊಂದು ಹೋಗುತ್ತದೆ.

ಎದ್ದ 30 ನಿಮಿಷದೊಳಗೆ ಮೊದಲ ಬೀಡಿ ಹಚ್ಚುವವರ ಅವಲಂಬನೆ ಗಾಢವಾಗಿರುತ್ತದೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ ಎಂದು ಔಷಧದ ಪ್ರಮಾಣ ತಗ್ಗಿಸುವುದು ತಪ್ಪು, ಏಕೆಂದರೆ ಎಲೆ ಸುತ್ತಿದ ಬೀಡಿ ಬೇಗ ಆರುವುದರಿಂದ ಸೇದುವವರು ಮೇಲಿಂದ ಮೇಲೆ ಜೋರಾಗಿ ದಮ್ಮು ಎಳೆಯುತ್ತಾರೆ. ಎಲೆಅಡಿಕೆಯೊಡನೆ ಕಡ್ಡಿಪುಡಿ ಅಥವಾ ಗುಟ್ಕಾ ಹಾಕುತ್ತಾರೆಯೇ ಎಂದೂ ಕೇಳಿ. ಬೀಡಿ ಬಿಟ್ಟೆ ಎಂದವರು ಅತ್ತ ಹೊರಳಿರುವುದುಂಟು.

ಔಷಧದ ವಿಷಯದಲ್ಲಿ ಬಡವರಿಗೆಂದು ಬೇರೆ ನಿಯಮವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆ (ಗಮ್, ಚೀಪುವ ಮಾತ್ರೆ, ಚರ್ಮಕ್ಕೆ ಅಂಟಿಸುವ ಪಟ್ಟಿ) ಮತ್ತು ಬುಪ್ರೊಪಿಯಾನ್, ವಾರೆನಿಕ್ಲಿನ್, ಸೈಟಿಸಿನ್ ಎಂಬ ಮಾತ್ರೆಗಳನ್ನು ಶಿಫಾರಸು ಮಾಡಿದೆ. ತೊಡಕಿರುವುದು ಕೈಗೆ ಸಿಗುವುದರಲ್ಲಿ. ಒಂದು ಪಟ್ಟಿ ನಿಕೋಟಿನ್ ಗಮ್ಮಿನ ಬೆಲೆ ಒಂದು ಕಟ್ಟು ಬೀಡಿಗಿಂತ ಹೆಚ್ಚಿರುವಾಗ, ಚೀಟಿ ಬರೆದು ಹೊರಗಿನ ಅಂಗಡಿಗೆ ಕಳಿಸಿದರೆ ಅವರು ಕೊಳ್ಳುವುದಿಲ್ಲ, ಕೊಂಡರೂ ದಿನಕ್ಕೆ ಎರಡೇ ಜಗಿದು ‘ಇದರಿಂದ ಏನೂ ಆಗಲಿಲ್ಲ’ ಎನ್ನುತ್ತಾರೆ. ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನ ಮುಕ್ತಿ ಕೇಂದ್ರದಲ್ಲಿ ದಾಸ್ತಾನು ಎಷ್ಟಿದೆ ಎಂದು ಮೊದಲೇ ವಿಚಾರಿಸಿಟ್ಟುಕೊಂಡು, ಮೊದಲ ಭೇಟಿಯಲ್ಲೇ ಸಾಧ್ಯವಾದಷ್ಟು ವಾರಗಳ ಔಷಧ ಕೊಡಿ; ಮತ್ತೊಮ್ಮೆ ಬರುವುದೆಂದರೆ ಅವರಿಗೆ ಒಂದು ದಿನದ ಕೂಲಿ ಹೋದಂತೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ ಗಮ್ ಸಾಕು. ಮೊದಲ ಆರು ವಾರ ಎಚ್ಚರವಿರುವಾಗ ಒಂದೆರಡು ಗಂಟೆಗೊಂದರಂತೆ ಬಳಸಿ, ಮುಂದೆ ಕಡಿಮೆ ಮಾಡುತ್ತಾ ಸುಮಾರು 12 ವಾರಕ್ಕೆ ನಿಲ್ಲಿಸಬೇಕು.

ಗಮ್ಮನ್ನು ಜಗಿಯುವ ರೀತಿಯನ್ನು ಎದುರಿನಲ್ಲೇ ಮಾಡಿಸಿ ನೋಡಿ. ನಿಧಾನವಾಗಿ ಜಗಿದು, ಬಾಯಲ್ಲಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಚೂಯಿಂಗ್ ಗಮ್ಮಿನಂತೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗಮ್ಮಿಗೆ ಮುಂಚಿನ 15 ನಿಮಿಷ ಚಹಾ, ಕಾಫಿ ಕುಡಿಯಬಾರದು ಎಂಬುದನ್ನು ಒತ್ತಿ ಹೇಳಿ, ಏಕೆಂದರೆ ಇವರ ಬೀಡಿಯೂ ಚಹಾದ ಹೊತ್ತಿಗೇ ಬರುತ್ತದೆ. ಹಲ್ಲು ಅಲುಗುತ್ತಿರುವವರಿಗೆ ಗಮ್ ಬದಲು ಚೀಪುವ ಮಾತ್ರೆ ಅಥವಾ ಅಂಟಿಸುವ ಪಟ್ಟಿ ಕೊಡಿ. ಮೂರ್ಛೆರೋಗ ಇದ್ದವರಿಗೆ ಬುಪ್ರೊಪಿಯಾನ್ ಕೊಡಬಾರದು. ಅತಿಯಾಗಿ ಕುಡಿಯುವವರಿಗೂ ಅದು ಅಪಾಯಕಾರಿ. ಆದ್ದರಿಂದ ಕುಡಿತದ ಬಗ್ಗೆ ನಾಚಿಕೆಯಾಗದಂತೆ ಮೊದಲೇ ಕೇಳಿ.

ಬಿಡುವ ದಿನವನ್ನು ಕ್ಯಾಲೆಂಡರಿನಿಂದಲ್ಲ, ಅವರ ಬದುಕಿನಿಂದ ಆರಿಸಿ. ಬಟವಾಡೆಯ ದಿನ ಬೇಡ. ಅಂದು ಕೈಯಲ್ಲಿ ದುಡ್ಡು, ಸುತ್ತ ಗೆಳೆಯರು, ಹಲವೊಮ್ಮೆ ಕುಡಿತ ಇರುತ್ತದೆ. ನಮ್ಮಲ್ಲಿ ಬಹಳ ಮಂದಿ ಅಯ್ಯಪ್ಪನ ಮಾಲೆ ಹಾಕಿ 41 ದಿನ ಬೀಡಿ ಮುಟ್ಟದೆ ಇರುತ್ತಾರೆ, ರಂಜಾನಿನ ಉಪವಾಸದಲ್ಲಿ ಹಗಲಿಡೀ ಸೇದದವರಿದ್ದಾರೆ. ‘ನನ್ನ ಕೈಲಾಗಲ್ಲ’ ಎನ್ನುವವರಿಗೆ ಆ ದಿನಗಳನ್ನು ನೆನಪಿಸಿ, ಆಗ ಹೇಗೆ ತಡೆದುಕೊಂಡಿರಿ, ಯಾರು ಜೊತೆಗಿದ್ದರು ಎಂದು ವಿವರವಾಗಿ ಕೇಳಿ. ನಿಕೋಟಿನ್ ಬಿಟ್ಟಾಗಿನ ಸಿಡುಕು, ನಿದ್ದೆಗೇಡು, ತಳಮಳ ಮೊದಲ ಮೂರ್ನಾಲ್ಕು ದಿನ ಹೆಚ್ಚಿದ್ದು ಬಹುತೇಕ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಅಂದರೆ ವ್ರತ ಮುಗಿಯುವಾಗ ಕಷ್ಟದ ಕಾಲ ಆಗಲೇ ಕಳೆದಿರುತ್ತದೆ. ಮಾಲೆ ತೆಗೆದ ದಿನವೇ ಮತ್ತೆ ಹಚ್ಚುವುದರಿಂದ ಆ ದಿನಕ್ಕೂ ಮುಂದಿನ ವಾರಕ್ಕೂ ನಮ್ಮ ಕರೆ, ಗಮ್ಮು ಎರಡೂ ಸಿದ್ಧವಿರಲಿ. ಹರಕೆಯ ಬಲವನ್ನು ವೈದ್ಯಕೀಯದ ಹೊರಗಿನದೆಂದು ಬದಿಗಿಡುವುದು ದೊಡ್ಡ ನಷ್ಟ.

ಇಪ್ಪತ್ತು ವರ್ಷದ ನಂತರ ಬರಬಹುದಾದ ಕ್ಯಾನ್ಸರಿನ ಚಿತ್ರ, ಈ ವಾರದ ಬಾಡಿಗೆ ಹೊಂದಿಸುತ್ತಿರುವವರನ್ನು ಹೆದರಿಸಬಹುದೇ ಹೊರತು ನಡೆಸಲಾರದು. ಮೂಟೆ ಹೊತ್ತು ಮೆಟ್ಟಿಲೇರುವಾಗಿನ ಏದುಸಿರು, ಉಳಿದ ಬೀಡಿ ದುಡ್ಡು, ಮಗುವಿನ ಕೆಮ್ಮು, ಇವುಗಳ ಬಗ್ಗೆ ಮಾತಾಡಿ.

ಮುಂದಿನ ವಿಚಾರಣೆಯನ್ನು ಫೋನಿನಲ್ಲಿ, ಸಂಜೆ ಕೆಲಸ ಬಿಟ್ಟ ಮೇಲೆ ಇಟ್ಟುಕೊಳ್ಳಿ. ಮೊದಲ ವಾರ ಮೂರು ಬಾರಿಯಾದರೂ ಕರೆ ಹೋಗಬೇಕು. ಫೋನು ಮಗನದ್ದಾಗಿರಬಹುದು, ಆದ್ದರಿಂದ ಯಾವ ಹೊತ್ತಿಗೆ ಅವರು ಸಿಗುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬಿಡಲು ನೆರವಾಗುವ ಸಂದೇಶಗಳು ಬರುತ್ತವೆ, ಆದರೆ ಓದಲು ಬಾರದವರಿಗೆ ಅದು ಉಪಯೋಗವಿಲ್ಲ. ಅವರಿಗೆ ಉಚಿತ ಸಹಾಯವಾಣಿ 1800-11-2356 ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಈ ಸಂಖ್ಯೆ 2018ರಿಂದ ತಂಬಾಕಿನ ಪೊಟ್ಟಣಗಳ ಮೇಲಿದ್ದರೂ ಗೂಡಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ದಪ್ಪ ಅಂಕಿಗಳಲ್ಲಿ ಬರೆದುಕೊಡಿ, ಸಾಧ್ಯವಾದರೆ ನಿಮ್ಮೆದುರೇ ಮೊದಲ ಕರೆ ಮಾಡಿಸಿ.

ಕ್ಷಯರೋಗಿಗಳು ಹೇಗೂ ತಿಂಗಳುಗಟ್ಟಲೆ ನಮ್ಮ ಸಂಪರ್ಕದಲ್ಲಿರುತ್ತಾರೆ, ಅವರಲ್ಲಿ ಸೇದುವವರಿಗೆ ಬಿಡಿಸಲು ಅದೇ ಅವಕಾಶ. ಬಾಂಗ್ಲಾದೇಶ ಮತ್ತು ಪಾಕಿಸ್ತಾನದಲ್ಲಿ ಧೂಮಪಾನ ಮಾಡುತ್ತಿದ್ದ 2,472 ಕ್ಷಯರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್ಲರಿಗೂ ಸಮಾಲೋಚನೆ ಕೊಡಲಾಗಿತ್ತು. ಆರು ತಿಂಗಳ ನಂತರ ಸೈಟಿಸಿನ್ ಪಡೆದವರಲ್ಲಿ ಶೇ. 32.4, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 29.7 ಮಂದಿ ಬಿಟ್ಟಿದ್ದರು. ಔಷಧ ಸಿಗದ ಕಡೆಯೂ ಕೈಕಟ್ಟಿ ಕೂರಬೇಕಿಲ್ಲ, ಸಮಾಲೋಚನೆ ಕೊಡಬಹುದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಬಿಟ್ಟವರು ಮತ್ತೆ ಸೇದಿ ಬಂದರೆ, ಬಂದದ್ದಕ್ಕೆ ಸಂತೋಷವಾಯಿತು ಎಂಬುದನ್ನೇ ಮೊದಲು ಹೇಳಿ. ಆಮೇಲೆ ಮೊದಲ ಭೇಟಿಯಲ್ಲಿ ಬರೆದುಕೊಂಡ ಬೀಡಿಗಳ ವಿವರವನ್ನು ತೆಗೆದು, ಜಾರಿದ ಬೀಡಿ ಯಾವ ಹೊತ್ತಿನದು ಎಂದು ಗುರುತಿಸಿ, ಆ ಹೊತ್ತಿಗೊಂದು ಹೊಸ ಏರ್ಪಾಡು ಮಾಡಿ, ಅಂದೇ ಗಮ್ಮು ಕೊಟ್ಟು, ಮಾರನೆಯ ಸಂಜೆಯ ಕರೆಯ ಸಮಯವನ್ನು ಬರೆದುಕೊಳ್ಳಿ.