ಚಂದ್ರಗಿರಿ ಕೋಟೆ, ಹೊಳೆ: ಹೋಗುವ ದಾರಿ, ಹೊತ್ತು, ಎಚ್ಚರ

ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿಗಳಲ್ಲಿ ಬಸ್ಸುಗಳಿವೆ. ಚೆರ್ಕಳ, ಪೊಯಿನಾಚಿಯಾಗಿ ಹೋಗುವ ಬಸ್ಸು ಹತ್ತಿದರೆ ಕೋಟೆ ತಪ್ಪುತ್ತದೆ. ಚಂದ್ರಗಿರಿ ಸೇತುವೆ ದಾಟುವ ಬಸ್ಸೇ ಹೌದೋ ಎಂದು ಕೇಳಿಕೊಂಡೇ ಹತ್ತಿ, ಮೇಲ್ಪರಂಬದಲ್ಲಿ ಇಳಿಯಿರಿ. ಅಲ್ಲಿಂದ ಆಟೋ ಹಿಡಿಯಬಹುದು, ನಡೆದೂ ಹೋಗಬಹುದು.

ಮೊದಲು ಕೋಟೆ, ಆಮೇಲೆ ಹೊಳೆ. ಮೇಲಿನಿಂದ ನೋಡಿದರೆ ಈ ಗುಡ್ಡವನ್ನೇ ಯಾಕೆ ಆರಿಸಿಕೊಂಡರೆಂದು ತಿಳಿಯುತ್ತದೆ. ಕೊಡಗಿನ ಮಲೆಯಲ್ಲಿ ಹುಟ್ಟಿ ಸುಳ್ಯದ ಕಡೆಯಿಂದ ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಆ ಅಳಿವೆಯೂ ಒಳನಾಡಿಗೆ ಹೋಗುವ ನೀರದಾರಿಯೂ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗವಿದು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನವರು ಹೇಳುತ್ತಿದ್ದದ್ದೂ ಇದೇ ಹೊಳೆಯನ್ನು. ಕನ್ನಡದ ಮಕ್ಕಳಿಗೆ ಇಲ್ಲಿ ನಿಲ್ಲಿಸಿಯೇ ಈ ಚರಿತ್ರೆ ಹೇಳಬೇಕು.

ಗೋಡೆ ಮುರಕಲ್ಲಿನದು. ಈ ಕಲ್ಲು ತೂತುತೂತಾಗಿರುವುದರಿಂದ ಮಳೆನೀರು ಹೀರಿಕೊಂಡು ಪಾಚಿ ಹಿಡಿಯುತ್ತದೆ, ಅಂಚು ಸವೆದು ಉದುರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಕೊತ್ತಳ ಹತ್ತುವುದು ಬೇಡ. ಬೇಸಿಗೆಯಲ್ಲೂ ಫೋಟೋಗಾಗಿ ಅಂಚಿಗೆ ಹೋಗಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಧ್ಯಾಹ್ನ 3.30ರ ಸುಮಾರಿಗೆ ಬಂದರೆ ಬಿಸಿಲು ಇಳಿಯುವಷ್ಟರಲ್ಲಿ ಸುತ್ತಿ ಮುಗಿಯುತ್ತದೆ. ಮುಚ್ಚುವ ಹೊತ್ತನ್ನು ಒಳಗೆ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ತಲಾ ಒಂದು ಲೀಟರ್ ನೀರು, ಹಿಡಿತವಿರುವ ಚಪ್ಪಲಿ ಸಾಕು.

ದೋಣಿ ವಿಹಾರದ ಆಸೆಯಿದ್ದರೆ ಭರತ ಇಳಿತ ನೋಡಿಯೇ ದಿನ ಗೊತ್ತುಮಾಡಿ. ಕಡಲಿಗೆ ಇಷ್ಟು ಹತ್ತಿರ ಹೊಳೆ ದಿನಕ್ಕೆರಡು ಸಲ ಏರಿ ಇಳಿಯುತ್ತದೆ, ಆ ಹೊತ್ತು ದಿನದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೋದ ವಾರ 4 ಗಂಟೆಗೆ ತುಂಬಿದ್ದ ಹೊಳೆ ಈ ವಾರ ಅದೇ ಹೊತ್ತಿಗೆ ಇಳಿದು ಕೆಸರು ತೋರಿಸುವುದು ಇದರಿಂದಲೇ. ಇಳಿತದಲ್ಲಿ ದೋಣಿ ದಿಬ್ಬಕ್ಕೆ ತಾಗುತ್ತದೆ, ದಡದಲ್ಲಿ ಕಾಲು ಹೂತುಕೊಳ್ಳುತ್ತದೆ. ಭರತಕ್ಕೆ ಒಂದು ಗಂಟೆ ಮೊದಲೇ ಹೊರಟರೆ ತೆಂಗಿನ ತೋಟಗಳ ನಡುವೆ ಆರಾಮವಾಗಿ ಸುತ್ತಬಹುದು. ದೋಣಿ ಇದೆಯೋ ಇಲ್ಲವೋ ಎಂದು ಸೇತುವೆಯ ಬಳಿ ವಿಚಾರಿಸಿ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಈಜು ಬಲ್ಲವರೂ ಅಳಿವೆಯ ಕಡೆ ನೀರಿಗಿಳಿಯಬಾರದು. ಇಳಿತದ ಸೆಳೆತ ನೇರ ಕಡಲಿಗೇ ಎಳೆಯುತ್ತದೆ.

ರೈಲು ಸೇತುವೆಯ ಮೇಲೆ ನಡೆಯುವುದಂತೂ ಯಾವ ಕಾರಣಕ್ಕೂ ಸಲ್ಲದು.

ಬೇಕಲ ಕೋಟೆಯನ್ನೂ ಅದೇ ದಿನ ನೋಡುವವರು ಅದನ್ನು ಬೆಳಿಗ್ಗೆಯೇ ಮುಗಿಸಿ, ಬರುವಾಗ ಮೇಲ್ಪರಂಬದಲ್ಲಿ ಇಳಿಯಿರಿ. ತಿರುವುಮುರುವು ಮಾಡಿದರೆ ಬೇಕಲದ ಬಾಗಿಲು ಮುಚ್ಚಿರುತ್ತದೆ.